ಎಂಟನೇ ಕ್ಲಾಸಿನಲ್ಲಿ ವಿಜ್ಞಾನಕ್ಕೆ ಬಿ ಗ್ರೇಡ್: ಪಿಯುಸಿಯಲ್ಲಿ ಬಯಾಲಜಿ ಆಗುತ್ತಾ?

ಪ್ರಶ್ನೆ: ಸರ್, ನಾವು ಗದಗ ಜಿಲ್ಲೆಯವರು. ಒಕ್ಕಲುತನ. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ ಮುಗಿಸಿ ಈಗ ಒಂಬತ್ತಕ್ಕೆ ಹೋಗುತ್ತಾಳೆ. ಆರು, ಏಳರಲ್ಲಿ ವಿಜ್ಞಾನಕ್ಕೆ ಬಿ ಪ್ಲಸ್ ಇತ್ತು. ಎಂಟರಲ್ಲಿ ಬಿ ಆಗಿದೆ. ಗಣಿತ ಬಿ ಪ್ಲಸ್. ಕನ್ನಡ, ಸಮಾಜ ಎರಡೂ ಎ. ಗಿಡ, ದನ, ಹುಳ ಅಂದರೆ ಅವಳಿಗೆ ಬಹಳ ಆಸೆ. ದನದ ಡಾಕ್ಟರ್ ಇಲ್ಲವೇ ನರ್ಸ್ ಆಗುತ್ತೇನೆ ಅನ್ನುತ್ತಾಳೆ. ನಮ್ಮ ನಾದಿನಿ ಮಾತ್ರ, "ಎಂಟನೇತ್ತದಾಗನ ಸೈನ್ಸ್ ಹಿಂಗಾದ್ರ ಪಿಯುಸಿದಾಗ ಬಯಾಲಜಿ ಹೆಂಗ್ ಆಕ್ಕೈತಿ? ಸುಮ್ನ ಕಾಮರ್ಸ್ ಕೊಡಸ್ರಿ" ಅಂತ ಮಗಳ ಮುಂದೆಯೇ ಹೇಳುತ್ತಾರೆ. ಆದರೆ ಅವರ ಮಗನಿಗೆ ಶಾಲೆಯಲ್ಲಿ ಯಾವಾಗಲೂ ಎ ಪ್ಲಸ್ ಇತ್ತು, ಈಗ ಫಸ್ಟ್ ಪಿಯುಸಿ ಬಯಾಲಜಿಯಲ್ಲಿ ಕಷ್ಟಪಟ್ಟು ಪಾಸಾದ! ಹುಬ್ಬಳ್ಳಿಯ ಒಂದು ಕೋಚಿಂಗ್ ಸೆಂಟರಿನವರು ಟೆಸ್ಟ್ ಮಾಡಿ, "ಬೇಸಿಕ್ಸ್ ವೀಕ್ ಇದೆ, ಈಗಲೇ ಫೌಂಡೇಶನ್ ಕೋರ್ಸ್ ಸೇರಿಸಿ" ಅಂದಿದ್ದಾರೆ. ಇಂಗ್ಲಿಷ್ ಮೀಡಿಯಂಗೆ ಹಾಕಿ ಅಂತ ಇನ್ನೊಬ್ಬರು. ಚಿಕ್ಕ ಕ್ಲಾಸಿನ ಗ್ರೇಡ್ ನೋಡಿ ಮುಂದಿನ ಬಯಾಲಜಿ ಹೇಳಬಹುದಾ? ಈಗ ಏನು ಮಾಡಬೇಕು?

ಉತ್ತರ: ನೀವು ಕೇಳಿದ ಪ್ರಶ್ನೆಗಳು ಮೂರ್ನಾಲ್ಕು. ಒಳಗಿನ ಚಿಂತೆ ಮಾತ್ರ ಒಂದೇ ಅನಿಸುತ್ತದೆ: ಮಗಳ ಬಾಗಿಲು ಆಗಲೇ ಮುಚ್ಚಿತಾ? ಇಲ್ಲ. ಹಾಗಂತ "ಏನೂ ಆಗಲ್ಲ ಬಿಡಿ" ಅಂತಲೂ ನಾನು ಹೇಳುವುದಿಲ್ಲ. ಗ್ರೇಡ್ ಇಳಿದಿರುವುದಕ್ಕೆ ಏನೋ ಕಾರಣ ಇದೆ. ಆ ಕಾರಣ ಗೊತ್ತಾಗದೆ ಕೋಚಿಂಗ್, ಮೀಡಿಯಂ, ಕಾಮರ್ಸ್ ಅಂತ ತೀರ್ಮಾನ ಮಾಡಬೇಡಿ.

ನಾನು ಧಾರವಾಡದಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಕಲಿಸುವವನು. ಪ್ರತಿ ವರ್ಷ ನವಲಗುಂದ, ರೋಣ, ಶಿರಹಟ್ಟಿ, ಹಾನಗಲ್, ಬ್ಯಾಡಗಿ ಕಡೆಯ ಮಕ್ಕಳು ನನ್ನ ಕ್ಲಾಸಿನಲ್ಲಿ ಇರುತ್ತಾರೆ. ಯಾರು ಏಳು, ಎಂಟನೇ ಕ್ಲಾಸಿನಲ್ಲಿ ಯಾವ ಗ್ರೇಡ್ ತಂದಿದ್ದರು ಅಂತ ಅವರ ಮುಖ ನೋಡಿ ಊಹಿಸಲು ನನಗೆ ಆಗುವುದಿಲ್ಲ. ಮೊದಲ ಟೆಸ್ಟಿನ ಉತ್ತರ ಪತ್ರಿಕೆ ನೋಡಿದರೆ ಯಾರು ಹೇಗೆ ಕಲಿತು ಬಂದಿದ್ದಾರೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲು ಆ ಗ್ರೇಡ್ ಅಂದರೆ ಏನು ನೋಡೋಣ. ನಮ್ಮ ಶಾಲೆಗಳಲ್ಲಿ 90ರ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ. ಅಂದರೆ ಏಳರಲ್ಲಿ 51 ತಂದ ಹುಡುಗಿ ಎಂಟರಲ್ಲಿ 49 ತಂದರೆ "ಬಿ ಪ್ಲಸ್‌ನಿಂದ ಬಿಗೆ ಬಿದ್ದಳು" ಅನ್ನುತ್ತೇವೆ. ಬಿದ್ದದ್ದು ಎರಡೇ ಅಂಕ. 68ರಿಂದ 32ಕ್ಕೆ ಇಳಿದಿದ್ದರೂ ಕಾರ್ಡಿನಲ್ಲಿ ಕಾಣುವುದು ಅದೇ ಅಕ್ಷರ! ಹಾಗಾಗಿ ಶಾಲೆಗೆ ಹೋಗಿ ಅಂಕ ಕೇಳಿ. ನಾಲ್ಕು ಎಫ್‌ಎ (ವರ್ಷದ ನಡುನಡುವಿನ ಚಿಕ್ಕ ಮೌಲ್ಯಮಾಪನ), ಎರಡು ಎಸ್‌ಎ (ಅರ್ಧ ವರ್ಷದ ಮತ್ತು ವರ್ಷದ ಕೊನೆಯ ಪರೀಕ್ಷೆ), ಎಲ್ಲದರ ಅಂಕವೂ ಶಿಕ್ಷಕರ ಹತ್ತಿರ ಇರುತ್ತವೆ.

ಇನ್ನೊಂದು ವಿಷಯ. ಆ ಗ್ರೇಡು ಬಯಾಲಜಿಯದ್ದಲ್ಲ. ಎಂಟನೇ ತರಗತಿ ವಿಜ್ಞಾನದಲ್ಲಿ ಬೆಳೆ ಉತ್ಪಾದನೆ, ಸೂಕ್ಷ್ಮಜೀವಿಗಳು, ಹದಿಹರೆಯ ಇವೆ ನಿಜ. ಬಲ ಮತ್ತು ಒತ್ತಡ, ಘರ್ಷಣೆ, ಶಬ್ದ, ಬೆಳಕು, ದಹನ ಮತ್ತು ಜ್ವಾಲೆ ಕೂಡ ಅದೇ ಪುಸ್ತಕದಲ್ಲಿವೆ. ನಿಮ್ಮ ಮಗಳು ಸೂಕ್ಷ್ಮಜೀವಿಗಳಲ್ಲಿ ಪೂರ್ತಿ ಅಂಕ ತಂದು ಒತ್ತಡದ ಪಾಠದಲ್ಲಿ ಕಳೆದುಕೊಂಡಿರಬಹುದು. ಉಲ್ಟಾ ಕೂಡ ಆಗಿರಬಹುದು. ಕಾರ್ಡ್ ನೋಡಿದರೆ ಅದು ತಿಳಿಯುವುದಿಲ್ಲ. ಮೇಲಾಗಿ ಎಫ್‌ಎ ಅಂಕದಲ್ಲಿ ಪ್ರಾಜೆಕ್ಟು, ಚಾರ್ಟುಗಳೂ ಸೇರಿರುತ್ತವೆ. ಎಷ್ಟು ಚಾರ್ಟುಗಳು ಸ್ಟೇಷನರಿ ಅಂಗಡಿಯಿಂದ ಬರುತ್ತವೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹಿಂದಿನ ಅಂಕಕ್ಕೂ ಮುಂದಿನ ಅಂಕಕ್ಕೂ ಸಂಬಂಧ ಇದೆಯಾ? ಇದೆ. ದೊಡ್ಡ ಗುಂಪನ್ನು ತೆಗೆದುಕೊಂಡರೆ, ಕೆಳಗಿನ ತರಗತಿಯಲ್ಲಿ ಜಾಸ್ತಿ ತಂದವರು ಸರಾಸರಿಯಲ್ಲಿ ಮುಂದೆಯೂ ಜಾಸ್ತಿ ತರುತ್ತಾರೆ. ಇದನ್ನು ಅಲ್ಲಗಳೆದರೆ ನಾನು ನಿಮಗೆ ಸುಳ್ಳು ಸಮಾಧಾನ ಹೇಳಿದಂತೆ. ಆದರೆ ಸರಾಸರಿ ಬೇರೆ, ನಿಮ್ಮ ಮಗಳು ಬೇರೆ. ಇಂಥ ಸಂಬಂಧವನ್ನು ಸಂಖ್ಯಾಶಾಸ್ತ್ರದವರು ಸೊನ್ನೆಯಿಂದ ಒಂದರವರೆಗೆ ಅಳೆಯುತ್ತಾರೆ. ಸೊನ್ನೆ ಅಂದರೆ ಸಂಬಂಧವೇ ಇಲ್ಲ, ಒಂದು ಅಂದರೆ ಇದನ್ನು ನೋಡಿ ಅದನ್ನು ಕರಾರುವಾಕ್ಕಾಗಿ ಹೇಳಬಹುದು. ಎಂಟನೇ ಕ್ಲಾಸಿನ ವಿಜ್ಞಾನಕ್ಕೂ ಪಿಯುಸಿ ಬಯಾಲಜಿಗೂ 0.5ರಷ್ಟು ಸಂಬಂಧ ಇದೆ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕಡಿಮೆ ಏನಲ್ಲ ಅದು. ಆದರೂ ವ್ಯತ್ಯಾಸದಲ್ಲಿ ಅದರ ಪಾಲು ಎಷ್ಟು ಅಂತ ತಿಳಿಯಲು ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು: 0.25. ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಕಾಲು ಭಾಗಕ್ಕೆ ಮಾತ್ರ ಹಳೆಯ ಅಂಕ ಲೆಕ್ಕ ಕೊಡುತ್ತದೆ. ಮುಕ್ಕಾಲು ಭಾಗ ಬೇರೆ ಕಡೆಯಿಂದ ಬರುತ್ತದೆ: ಭಾಷೆ, ಓದುವ ರೀತಿ, ಶಿಕ್ಷಕರು, ಮನೆ, ಆರೋಗ್ಯ, ಹಾಸ್ಟೆಲ್ಲಿನ ರೂಮ್‌ಮೇಟ್ ಕೂಡ. ವರ್ಷಗಳ ಅಂತರ ಹೆಚ್ಚಿದಷ್ಟೂ ಹಳೆಯ ಅಂಕದ ಮಾತಿಗೆ ಬೆಲೆ ಕಡಿಮೆ. ಹತ್ತನೇ ತರಗತಿಯ ಅಂಕ ಹೇಳುವಷ್ಟನ್ನು ಆರನೇ ತರಗತಿಯ ಅಂಕ ಹೇಳಲಾರದು.

ಹಾಗಾದರೆ ಚಿಕ್ಕಂದಿನಲ್ಲಿ ಹಿಂದೆ ಬಿದ್ದವರು ಮುಂದೆಯೂ ಹಿಂದೆ ಉಳಿಯುವುದು ಏಕೆ? ಅಮೆರಿಕದಲ್ಲಿ 7,000ಕ್ಕೂ ಹೆಚ್ಚು ಮಕ್ಕಳನ್ನು ಶಿಶುವಿಹಾರದಿಂದ ಎಂಟನೇ ತರಗತಿವರೆಗೆ ಗಮನಿಸಿದ ಅಧ್ಯಯನ ಒಂದು 2016ರಲ್ಲಿ ಪ್ರಕಟವಾಯಿತು. ಶಾಲೆಗೆ ಕಾಲಿಡುವಾಗ ಸುತ್ತಲಿನ ಜಗತ್ತಿನ ಬಗ್ಗೆ ಕಡಿಮೆ ತಿಳಿದಿದ್ದ ಮಕ್ಕಳು ಮುಂದೆ ವಿಜ್ಞಾನದಲ್ಲೂ ಹಿಂದೆ ಬೀಳುವ ಸಾಧ್ಯತೆ ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ. ಆ ಅಂತರಕ್ಕೆ ಬಹುಪಾಲು ಕಾರಣ ಓದು, ಗಣಿತ, ಸಾಮಾನ್ಯ ತಿಳಿವಳಿಕೆ ಇಂಥವು. ಇವೆಲ್ಲ ತಿದ್ದಬಹುದಾದವು. ನಮ್ಮ ಕಡೆ ಮೊದಲನೇ ಮಾತು ಬೇಗ ಹಬ್ಬುತ್ತದೆ, ಎರಡನೆಯದನ್ನು ಯಾರೂ ಹೇಳುವುದಿಲ್ಲ.

ಇಲ್ಲಿ ಇನ್ನೊಂದು ಕತೆ ನಿಮ್ಮ ಕಿವಿಗೂ ಬಿದ್ದಿರಬಹುದು. ಇಂಗ್ಲೆಂಡಿನ ಜಾನ್ ಗರ್ಡನ್ ಅನ್ನುವವರು ಶಾಲೆಯಲ್ಲಿ ಬಯಾಲಜಿಗೆ 250 ಹುಡುಗರಲ್ಲಿ ಕೊನೆಯವರಾಗಿದ್ದರು. ವಿಜ್ಞಾನಿ ಆಗುವ ಇವನ ಆಸೆ ಹಾಸ್ಯಾಸ್ಪದ ಅಂತ 1949ರಲ್ಲಿ ಅವರ ಶಿಕ್ಷಕರು ವರದಿ ಬರೆದಿದ್ದರು. 2012ರಲ್ಲಿ ಅವರಿಗೆ ವೈದ್ಯಕೀಯ ನೊಬೆಲ್ ಬಂತು, ಅದೂ ಜೀವಕೋಶದ ಮೇಲಿನ ಕೆಲಸಕ್ಕೆ. ನಿಜವಾದ ಕತೆ. ಆದರೆ ದಯವಿಟ್ಟು ಇದನ್ನು ನಂಬಿಕೊಂಡು ಕೂರಬೇಡಿ. ಕೊನೆಯ ಸ್ಥಾನದಲ್ಲಿದ್ದು ಅಲ್ಲೇ ಉಳಿದವರ ಬಗ್ಗೆ ಯಾರೂ ಕತೆ ಬರೆಯುವುದಿಲ್ಲ, ಅಲ್ವಾ?

ನಿಮ್ಮ ನಾದಿನಿಯ ಮಗನ ವಿಷಯಕ್ಕೆ ಬರೋಣ. ಎ ಪ್ಲಸ್ ಹುಡುಗರು ಫಸ್ಟ್ ಪಿಯುಸಿಯಲ್ಲಿ ಮುಗ್ಗರಿಸುವುದು ನಮಗೆ ಹೊಸದಲ್ಲ. ಸೈನ್ಸ್ ತೆಗೆದುಕೊಂಡು ಬರುವವರಲ್ಲಿ ಬಹುತೇಕರು ಶಾಲೆಯಲ್ಲಿ ಎ, ಎ ಪ್ಲಸ್ ತಂದವರೇ. ಎಲ್ಲರದ್ದೂ ಒಂದೇ ಗ್ರೇಡ್ ಆದ ಮೇಲೆ ಆ ಗ್ರೇಡ್ ಹಿಡಿದು ಅವರಲ್ಲಿ ಯಾರು ಮುಂದೆ, ಯಾರು ಹಿಂದೆ ಅಂತ ಹೇಳಲು ಬರುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಬೇರೆ ಗುಣ.

ಅದು ಯಾವ ಗುಣ ಅನ್ನುವುದಕ್ಕೆ ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. "ಬಯಾಲಜಿ ಅಂದರೆ ಬಾಯಿಪಾಠ, ಲೆಕ್ಕ ಬರದವರಿಗೆ ಅದೇ ಸರಿ." ಈ ಮಾತು ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮಕ್ಕಳನ್ನು ಕೆಡಿಸಿದೆಯೋ! ಹೆಸರುಗಳು ಜಾಸ್ತಿ ಇವೆ, ನೆನಪಿಡಬೇಕು, ನಿಜ. ಆದರೆ ಫಸ್ಟ್ ಪಿಯುಸಿಯಲ್ಲಿ ಜೈವಿಕ ಅಣುಗಳ ಪಾಠ ಬಂದ ಕೂಡಲೇ ಕೆಮಿಸ್ಟ್ರಿ ಬೇಕಾಗುತ್ತದೆ. ಸೆಕೆಂಡ್ ಪಿಯುಸಿ ಅನುವಂಶೀಯತೆಯಲ್ಲಿ 9:3:3:1 ಅನ್ನುವ ಅನುಪಾತ ಎಲ್ಲಿಂದ ಬಂತು ಅಂತ ತಿಳಿಯಲು ಸಂಭವನೀಯತೆಯ ಲೆಕ್ಕ ಬೇಕು. ಬಾಯಿಪಾಠದ ಮೇಲೆ ಎ ಪ್ಲಸ್ ತಂದ ಹುಡುಗನಿಗೆ ಅಲ್ಲಿ ಉಸಿರು ಕಟ್ಟುತ್ತದೆ.

ಮಕ್ಕಳ ಉತ್ತರ ಪತ್ರಿಕೆಯಿಂದ ಎರಡು ಉದಾಹರಣೆ ಕೊಡುತ್ತೇನೆ. ಏಳನೇ ತರಗತಿಯಲ್ಲೇ ಮಕ್ಕಳು ಅಪಧಮನಿ, ಅಭಿಧಮನಿ ಕಲಿತಿರುತ್ತಾರೆ. "ಅಪಧಮನಿಯಲ್ಲಿ ಆಕ್ಸಿಜನ್ ಜಾಸ್ತಿ ಇರುವ ರಕ್ತ ಹರಿಯುತ್ತದೆ" ಅಂತ ಬರೆದರೆ ಒಂದು ಅಂಕ. "ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳ ಅಪಧಮನಿಯೋ ಅಭಿಧಮನಿಯೋ? ಅದರಲ್ಲಿ ಎಂಥ ರಕ್ತ?" ಅಂತ ಕೇಳಿ ನೋಡಿ. ಬಾಯಿಪಾಠದವರು ಅಲ್ಲಿ ನಿಲ್ಲುತ್ತಾರೆ. ಹೃದಯದಿಂದ ಹೊರಗೆ ಹೋಗುವ ನಾಳ ಅಪಧಮನಿ, ಹೃದಯಕ್ಕೆ ವಾಪಸ್ ಬರುವುದು ಅಭಿಧಮನಿ ಅಂತ ತಿಳಿದವರು ಒಂದು ನಿಮಿಷ ಯೋಚಿಸಿ, "ಅಪಧಮನಿನೇ, ಆದರೆ ಇದರಲ್ಲಿ ಆಕ್ಸಿಜನ್ ಕಡಿಮೆ" ಅನ್ನುತ್ತಾರೆ. ಇನ್ನೊಂದು ಉತ್ತರ ಪಿಯುಸಿವರೆಗೂ ಬರುತ್ತದೆ: "ಸಸ್ಯಗಳು ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತವೆ, ರಾತ್ರಿ ಉಸಿರಾಡುತ್ತವೆ." ತಪ್ಪು. ಉಸಿರಾಟ ಹಗಲೂ ರಾತ್ರಿಯೂ ನಡೆದೇ ಇರುತ್ತದೆ. ಇದನ್ನು ಬರೆದವರಲ್ಲಿ ಎ ಪ್ಲಸ್ ಮಕ್ಕಳೂ ಇರುತ್ತಾರೆ.

ನೀವು ಒಕ್ಕಲುತನದವರು ಅಂದಿರಿ. ಹೊಲಕ್ಕೆ ಹೋದಾಗ ಮಗಳನ್ನು ಕೇಳಿ: ಇಷ್ಟೆತ್ತರ ಬೆಳೆದ ಜೋಳದ ದಂಟಿನ ತೂಕ ಎಲ್ಲಿಂದ ಬಂತು? "ಮಣ್ಣಿನಿಂದ" ಅಂತ ಬಹಳ ಮಂದಿ ಹೇಳುತ್ತಾರೆ, ಡಿಗ್ರಿ ಓದಿದವರೂ. ಒಣಗಿದ ಕಣಿಕೆ ಸುಟ್ಟರೆ ಕೊನೆಗೆ ಒಂದು ಹಿಡಿ ಬೂದಿ ಉಳಿಯುತ್ತದಲ್ಲ, ಹೆಚ್ಚುಕಡಿಮೆ ಅಷ್ಟೇ ಮಣ್ಣು ಕೊಟ್ಟದ್ದು. ಉಳಿದದ್ದೆಲ್ಲ ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಸೇರಿ ಆದದ್ದು. ಇದನ್ನು ನೀವೇ ಹೇಳಿಕೊಡಬೇಡಿ. ಮೊದಲು ಅವಳು ಏನು ಹೇಳುತ್ತಾಳೆ ಕೇಳಿ, "ಯಾಕೆ ಹಾಗೆ?" ಅಂತ ಎರಡು ಸಲ ಕೇಳಿ. ಹೆಸರುಕಾಳಿನ ಮೊಳಕೆಯನ್ನು ಪೂರ್ತಿ ಕತ್ತಲಲ್ಲಿ ಇಟ್ಟರೆ ಏನಾಗುತ್ತೆ ಅಂತಲೂ ಕೇಳಿ. "ಬೆಳಕಿಲ್ಲ, ಬೆಳೆಯಲ್ಲ" ಅಂದರೆ ಪುಸ್ತಕದ ಸಾಲು ಹೇಳುತ್ತಿದ್ದಾಳೆ. ನಿಜದಲ್ಲಿ ಅದು ಕಾಳಿನಲ್ಲಿರುವ ಆಹಾರ ಬಳಸಿಕೊಂಡು ಸರಸರ ಉದ್ದಕ್ಕೆ, ತೆಳ್ಳಗೆ, ಹಳದಿಯಾಗಿ ಬೆಳೆಯುತ್ತದೆ. ಕಾಳಿನ ಗಂಟು ಮುಗಿದ ಮೇಲೆ ಸಾಯುತ್ತದೆ. ಸಂಶಯ ಇದ್ದರೆ ಒಂದು ಬಟ್ಟಲು ಕಪಾಟಿನಲ್ಲಿ ಇಟ್ಟು ನೋಡಲಿ. ತಪ್ಪು ಹೇಳಿದರೂ ಪರವಾಗಿಲ್ಲ. ಯೋಚಿಸಿ ಹೇಳುತ್ತಾಳಾ, ಕಂಡ ಮೇಲೆ ತನ್ನ ಮಾತು ತಿದ್ದಿಕೊಳ್ಳುತ್ತಾಳಾ ಅನ್ನುವುದನ್ನು ನೋಡಿ. ನಾನು ಮೊದಲು ಹೇಳಿದ ಗುಣ ಇದೇ, ಬಿ ಗ್ರೇಡಿಗಿಂತ ಇದಕ್ಕೆ ಜಾಸ್ತಿ ಬೆಲೆ ಕೊಡುತ್ತೇನೆ.

ಮುಂದೆ ಇದೇ ಜೋಳ ಫಸ್ಟ್ ಪಿಯುಸಿಯಲ್ಲಿ ವಾಪಸ್ ಬರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದುಕೊಳ್ಳುವ ರೀತಿ ನೋಡಿ ಸಸ್ಯಗಳಿಗೆ ಸಿ3, ಸಿ4 ಅಂತ ಹೆಸರು. ಜೋಳ, ಗೋವಿನಜೋಳ ಸಿ4 ಸಸ್ಯಗಳು. ಗೋಧಿ, ಕಡಲೆ, ಹತ್ತಿ ಸಿ3. ಬಿಸಿಲು, ಸೆಕೆಯಲ್ಲಿ ಜೋಳ ಹೇಗೆ ತಡೆದುಕೊಳ್ಳುತ್ತದೆ ಅನ್ನುವುದಕ್ಕೆ ಅಲ್ಲಿ ಉತ್ತರ ಇದೆ. ಹೊಲ ನೋಡಿ ಬೆಳೆದ ಮಕ್ಕಳಿಗೆ ಈ ಪಾಠದಲ್ಲಿ ಪಟ್ಟಣದವರಿಗಿಂತ ಮುಂದೆ ಓಡುವ ಅವಕಾಶ ಇದೆ. ಕಷ್ಟ ಏನೆಂದರೆ ಅದು ಅವರಿಗೆ ಗೊತ್ತಿರುವುದಿಲ್ಲ.

ನಿಮ್ಮ ಪತ್ರದಲ್ಲೇ ಒಂದು ಸುಳಿವು ಇದೆ. ಕನ್ನಡ, ಸಮಾಜ ಎ. ಅಂದರೆ ಓದಲು, ಬರೆಯಲು ತೊಂದರೆ ಇಲ್ಲ. ವಿಜ್ಞಾನ, ಗಣಿತ ಎರಡೇ ಕೆಳಗೆ. ಹಾಗಿದ್ದರೆ ಅಂಕ ಹೋಗಿರುವುದು ಲೆಕ್ಕ ಇರುವ ಪಾಠಗಳಲ್ಲಿ, "ಕಾರಣ ಕೊಡಿ" ಅನ್ನುವ ಪ್ರಶ್ನೆಗಳಲ್ಲಿ ಇರಬಹುದು ಅಂತ ನನ್ನ ಊಹೆ. ಊಹೆ ಸರಿಯೇ ನೋಡಲು ಎಂಟನೇ ತರಗತಿಯ ಎಸ್‌ಎ-2 ಉತ್ತರ ಪತ್ರಿಕೆ ಶಾಲೆಯಲ್ಲಿ ತೋರಿಸಲು ಕೇಳಿ. ಕೆಂಪು ಗುರುತು ಬಿದ್ದ ಪ್ರತಿ ಉತ್ತರಕ್ಕೂ ಮಗಳನ್ನೇ ಕೇಳಿ: ಗೊತ್ತಿರಲಿಲ್ಲವಾ, ಗೊತ್ತಿದ್ದೂ ಬರೆಯಲು ಬರಲಿಲ್ಲವಾ, ಪ್ರಶ್ನೆಯೇ ತಪ್ಪು ತಿಳಿಯಿತಾ, ಟೈಮ್ ಸಾಲಲಿಲ್ಲವಾ? ಒಂದೊಂದಕ್ಕೂ ಔಷಧ ಬೇರೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಇಂಗ್ಲಿಷ್ ಮೀಡಿಯಂ. ಒಂಬತ್ತರಲ್ಲಿ ಬದಲಾಯಿಸುವುದು ನನಗೆ ಒಪ್ಪಿಗೆ ಇಲ್ಲ. ಆಗಲೇ ವಿಷಯ ತಡವರಿಸುತ್ತಿರುವಾಗ ಭಾಷೆಯೂ ಹೊಸದಾದರೆ ಯಾವುದು ಯಾಕೆ ಬರುತ್ತಿಲ್ಲ ಅಂತಲೇ ಗೊತ್ತಾಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಕೂಡ ಎರಡೇ ವರ್ಷ ದೂರ. ಆದರೆ ಬದಲಾಯಿಸದೇ ಇದ್ದರೆ ಒಂದು ಅಪಾಯ ಇದೆ. ಪಿಯು ಸೈನ್ಸ್ ಪಾಠ ನಡೆಯುವುದು ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದ ಜಾಣ ಮಕ್ಕಳು ಮೊದಲ ಮೂರು ತಿಂಗಳು ಮಂಕಾಗಿ ಕೂತಿರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ಪತ್ರಿಕೆ 2017ರಿಂದ ಕನ್ನಡದಲ್ಲೂ ಇದೆ, ಆದರೆ ಕ್ಲಾಸು, ಪುಸ್ತಕ ಎಲ್ಲ ಇಂಗ್ಲಿಷ್ ಇರುವಾಗ ಅದೊಂದರಿಂದ ಹೆಚ್ಚು ಉಪಯೋಗ ಆಗುವುದಿಲ್ಲ. ನಡುವಿನ ದಾರಿ ಇದು: ಒಂಬತ್ತು, ಹತ್ತರ ವಿಜ್ಞಾನ ಪುಸ್ತಕಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದೇ ಪಾಠ, ಒಂದೇ ಚಿತ್ರ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಪಾಠ ಕನ್ನಡದಲ್ಲಿ ಪೂರ್ತಿ ಮುಗಿಸಲಿ. ಆಮೇಲೆ ಇಂಗ್ಲಿಷ್ ಪುಸ್ತಕದ ಚಿತ್ರಗಳನ್ನು ಮಾತ್ರ ತೆಗೆದು, ಅದೇ ಭಾಗಗಳ ಇಂಗ್ಲಿಷ್ ಹೆಸರನ್ನು ಬರೆದುಕೊಳ್ಳಲಿ. ಜೀವಕೋಶ ಸೆಲ್, ಅಂಗಾಂಶ ಟಿಶ್ಯೂ, ಪತ್ರರಂಧ್ರ ಸ್ಟೊಮ್ಯಾಟಾ. ಎರಡು ವರ್ಷ ಹೀಗೆ ಮಾಡಿದ ಮಕ್ಕಳು ಪಿಯುಸಿ ಮೊದಲ ದಿನ ಕಂಗಾಲಾಗುವುದಿಲ್ಲ.

ಕೋಚಿಂಗ್. ಸೇರಿಸಿಕೊಳ್ಳುವವರೇ ಮಾಡುವ ಟೆಸ್ಟಿನಲ್ಲಿ "ಬೇಸಿಕ್ಸ್ ವೀಕ್" ಅಂತ ಬರದ ಮಕ್ಕಳು ಅಪರೂಪ. ಅದು ಅವರ ವ್ಯಾಪಾರ, ಬಿಡಿ. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ಓಡಾಡಿದರೆ ದಿನಕ್ಕೆ ಎರಡು, ಮೂರು ತಾಸು ದಾರಿಯಲ್ಲೇ ಹೋಗುತ್ತದೆ, ನಿದ್ದೆ ಹಾಳು, ಶಾಲೆಯ ಪಾಠ ಹಿಂದೆ. ಅಲ್ಲಿ ಅಭ್ಯಾಸ ಮಾಡಿಸುವುದು ಹೆಚ್ಚಾಗಿ ನಾಲ್ಕು ಆಯ್ಕೆಯ ಪ್ರಶ್ನೆಗಳನ್ನು. ನಿಮ್ಮ ಮಗಳ ತೊಂದರೆ "ಕಾರಣ ಕೊಡಿ" ಪ್ರಶ್ನೆಯಲ್ಲಿ ಇದ್ದರೆ ಅದರಿಂದ ಲಾಭ ಕಡಿಮೆ. ಒಳ್ಳೆಯ ಸೆಂಟರುಗಳಲ್ಲಿ ಶಿಸ್ತು ಸಿಗುತ್ತದೆ, ಚುರುಕಾದ ಗೆಳೆಯರು ಸಿಗುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ವರ್ಷ ಬೇಡ. ದುಡ್ಡು ಖರ್ಚು ಮಾಡಲೇಬೇಕು ಅಂದರೆ ಊರಲ್ಲೇ ಗಣಿತಕ್ಕೆ ಒಬ್ಬ ಒಳ್ಳೆಯ ಮೇಷ್ಟ್ರನ್ನು ಹುಡುಕಿ. ಬಯಾಲಜಿ ಮೇಷ್ಟ್ರೇ ಗಣಿತ ಅನ್ನುತ್ತಾನಲ್ಲ ಅಂತ ಆಶ್ಚರ್ಯ ಆಗಬಹುದು. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಬಯಾಲಜಿ) ತೆಗೆದುಕೊಂಡು ಕೈಬಿಡುವ ಮಕ್ಕಳಲ್ಲಿ ಹೆಚ್ಚಿನವರು ಸೋಲುವುದು ಬಯಾಲಜಿಯಲ್ಲಿ ಅಲ್ಲ, ಫಿಸಿಕ್ಸ್, ಮ್ಯಾತ್ಸ್‌ನಲ್ಲಿ.

ಮನೆಯಲ್ಲೇ ಒಂದು ವರ್ಷ. ನನ್ನ ಸಲಹೆ ಇದೇ. ದಿನಾ ಅರ್ಧ ತಾಸು ಸಾಕು. ಆದರೆ ಪುಸ್ತಕವನ್ನು ಮತ್ತೆ ಮತ್ತೆ ಓದುವುದು ಬೇಡ. ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಲಿ, ಚಿತ್ರ ಬಿಡಿಸಲಿ. ಆಮೇಲೆ ತೆರೆದು ನೋಡಿ ತಿದ್ದಿಕೊಳ್ಳಲಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ. ವಾರದ ನಂತರ ಕೇಳಿದರೆ ತಮ್ಮನ್ನೇ ಪರೀಕ್ಷಿಸಿಕೊಂಡವರು ಮುಂದೆ. ಇದರಲ್ಲಿ ತೊಂದರೆ ಅಂದರೆ ಬೆನ್ನುಹತ್ತುವವರು ಬೇಕು. ಸುಗ್ಗಿ ಬಂತು, ಮದುವೆ ಬಂತು ಅಂತ ಎರಡು ವಾರ ಬಿಟ್ಟರೆ ಮತ್ತೆ ಶುರು ಮಾಡುವುದು ಕಷ್ಟ.

ಇನ್ನು ಕಾಮರ್ಸ್. ಅದರಲ್ಲಿ ತಪ್ಪೇನಿಲ್ಲ, ಅವಳಿಗೆ ಇಷ್ಟ ಇದ್ದರೆ. ಆದರೆ ದನದ ಡಾಕ್ಟರ್ ಆಗಬೇಕಾದರೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು, ಬಿ.ಎಸ್ಸಿ ನರ್ಸಿಂಗಿಗೂ ಅಷ್ಟೇ. ಆ ತೀರ್ಮಾನ ಈಗ ಮಾಡುವ ಅಗತ್ಯವೇ ಇಲ್ಲ, ಹತ್ತನೇ ತರಗತಿ ಮುಗಿದ ಮೇಲೆ ಮಾಡಿ. ಆಗಲೂ ಕಷ್ಟಪಟ್ಟು ಓದಿದ ಮೇಲೆ ವಿಜ್ಞಾನ, ಗಣಿತ ಎರಡೂ 50ರ ಕೆಳಗೇ ಇದ್ದರೆ ಪಿಸಿಎಂಬಿ ಬೇಡ ಅಂತ ನಾನೇ ಹೇಳುತ್ತೇನೆ. ಅಲ್ಲಿಗೂ ದಾರಿ ಮುಗಿಯಲ್ಲ. ಆರ್ಟ್ಸ್ ಓದಿದವರಿಗೂ ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಇದೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಕನ್ನಡದಲ್ಲೇ ಓದುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ನೀಟ್‌ಗೆ ಗಣಿತ ಕಡ್ಡಾಯ ಅಲ್ಲ, ಅದರ 720 ಅಂಕದಲ್ಲಿ 360 ಬಯಾಲಜಿಯದ್ದೇ. ಕೆಲವು ಕಾಲೇಜುಗಳಲ್ಲಿ ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಲು ಬರುತ್ತದೆ. ಆದರೆ ಗಣಿತ ಬಿಟ್ಟರೆ ಎಂಜಿನಿಯರಿಂಗ್ ಬಾಗಿಲು ಮುಚ್ಚುತ್ತದೆ, ಯೋಚಿಸಿ ಬಿಡಿ.

ಒಂದು ಸಣ್ಣ ಕೆಲಸ ಈ ವಾರವೇ ಮಾಡಿ. ಕಣ್ಣು ತೋರಿಸಿ. ಹನ್ನೆರಡು, ಹದಿಮೂರರ ವಯಸ್ಸಿನಲ್ಲಿ ದೂರದ್ದು ಮಂಜಾಗಿ ಕಾಣುವುದು ಬಹಳ ಸಾಮಾನ್ಯ. ಬೋರ್ಡಿನ ಮೇಲಿನ ಲೆಕ್ಕ, ಚಿತ್ರ ಕಾಣದೆ ಹೋದರೆ ಮೊದಲು ಏಟು ಬೀಳುವುದು ಗಣಿತಕ್ಕೆ, ವಿಜ್ಞಾನಕ್ಕೆ. ಕನ್ನಡ, ಸಮಾಜ ಕೇಳಿಸಿಕೊಂಡೂ ನಡೆಯುತ್ತದೆ. ನಿಮ್ಮ ಮಗಳ ಗ್ರೇಡುಗಳೂ ಹಾಗೇ ಇರುವುದರಿಂದ ಇದನ್ನು ಹೇಳುತ್ತಿದ್ದೇನೆ. ಜಿಲ್ಲಾ ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡುತ್ತಾರೆ.

ನಾದಿನಿಯವರಿಗೆ ಉತ್ತರ ಕೊಡಲು ಹೋಗಬೇಡಿ. ಮಗಳ ಮುಂದೆ ಆ ಮಾತು ಬೇಡ ಅಂತ ಮಾತ್ರ ಹೇಳಿ. ಒಂಬತ್ತನೇ ತರಗತಿಯ ಎಸ್‌ಎ-1 ದಸರಾ ರಜೆಗೆ ಮುಂಚೆ ಮುಗಿಯುತ್ತದೆ. ಆಮೇಲೆ ವಿಜ್ಞಾನ, ಗಣಿತ ಎರಡೂ ಉತ್ತರ ಪತ್ರಿಕೆಗಳ ಫೋಟೊ ಕಳಿಸಿ, ಯಾವ ಪಾಠದಿಂದ ಹಿಡಿದು ತಿದ್ದಬೇಕು ಅಂತ ನೋಡಿ ಬರೆಯುತ್ತೇನೆ.